ದನ ತಡೆಯುವ ಬೇಲಿ ಜೀವ ತೆಗೆಯದಿರಲಿ



ನಮ್ಮ ದನ ಪಕ್ಕದವರ ಗದ್ದೆಗೆ ನುಗ್ಗಿದರೆ ಪೈರೂ ಹಾಳು, ನೆರೆಹೊರೆಯ ಪ್ರೀತಿಯೂ ಹಾಳು. ಅದಕ್ಕೇ ನಮ್ಮ ಸಂಘಗಳಲ್ಲಿ ಅನೇಕರು ಕರೆಂಟ್ ಬೇಲಿ ಹಾಕೋಣವೇ ಅಂತ ಕೇಳುತ್ತಾರೆ. ಹಾಕಬಹುದು. ಆದರೆ ಮನೆಯ ಅಥವಾ ಪಂಪ್‌ಸೆಟ್ಟಿನ ಲೈನಿನಿಂದ ತಂತಿಗೆ ನೇರ ಕರೆಂಟ್ ಕೊಟ್ಟರೆ ಅದು ಬೇಲಿಯಲ್ಲ, ಸಾವಿನ ಬಲೆ.

ವ್ಯತ್ಯಾಸವೇನು?

ಲೈನಿನ 230 ವೋಲ್ಟ್ ಕರೆಂಟ್ ಎಡೆಬಿಡದೆ ಹರಿಯುತ್ತದೆ. ತಂತಿ ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಝಟಕಾ ಯಂತ್ರವು 12 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತದೆ. ಸೋಲಾರ್ ಫಲಕ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ. ತಂತಿಯಲ್ಲಿ ಸಾವಿರಾರು ವೋಲ್ಟ್ ಇದ್ದರೂ ಅದು ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಬರುತ್ತದೆ. ದನ ಬೆಚ್ಚಿ ಹಿಂದೆ ಸರಿಯುತ್ತದೆ, ಅಷ್ಟೇ.

ಹಾಕುವ ಕ್ರಮ

1. ದೊಡ್ಡ ದನಗಳಿಗೆ ನೆಲದಿಂದ ಒಂದೂವರೆ ಅಡಿ ಮತ್ತು ಮೂರು ಅಡಿ ಎತ್ತರದಲ್ಲಿ ಎರಡು ಜಿ.ಐ. ತಂತಿ ಸಾಕು. ಮುಳ್ಳುತಂತಿಗೆ ಝಟಕಾ ಕೊಡಬೇಡಿ. ಸಿಕ್ಕಿಕೊಂಡ ಪ್ರಾಣಿ ಬಿಡಿಸಿಕೊಳ್ಳಲಾರದು.

2. ಪ್ರತಿ ಕಂಬಕ್ಕೂ ಇನ್ಸುಲೇಟರ್ ಹಾಕಿ. ತಂತಿ ಕಂಬಕ್ಕೆ ತಾಗಬಾರದು.

3. ಅರ್ಥಿಂಗ್ ಸರಿ ಇಲ್ಲದಿದ್ರೆ ಬೇಲಿ ಇದ್ದೂ ಇಲ್ಲದಂತೆ. ದನದ ಮೈಯಿಂದ ಮಣ್ಣಿಗಿಳಿದ ಕರೆಂಟ್ ಯಂತ್ರಕ್ಕೆ ವಾಪಸ್ ಬಂದರೆ ಮಾತ್ರ ಝಟಕಾ ತಗಲುತ್ತದೆ. ಆರು ಅಡಿಯ ಮೂರು ಜಿ.ಐ. ಪೈಪುಗಳನ್ನು ಹತ್ತು ಅಡಿ ಅಂತರದಲ್ಲಿ ತೇವವಿರುವ ಕಡೆ ಹೊಡೆದು, ಒಂದಕ್ಕೊಂದು ಜೋಡಿಸಿ. ಬೇಸಿಗೆಯಲ್ಲಿ ಅಲ್ಲಿಗೆ ನೀರು ಹಾಕಿ. ಮನೆಯ ಅರ್ಥಿಂಗಿನಿಂದ ಕನಿಷ್ಠ 10 ಮೀಟರ್ ದೂರವಿರಲಿ.

4. ಹುಲ್ಲು, ಬಳ್ಳಿ ತಂತಿಗೆ ತಾಗಿದರೆ ಝಟಕಾ ಸೋರಿಹೋಗುತ್ತದೆ. ಮಳೆಗಾಲದಲ್ಲಿ ಆಗಾಗ ಸವರಿ. ಬೇಲಿಯ ಕೊನೆಯಲ್ಲಿ ಟೆಸ್ಟರ್ ಹಿಡಿದರೆ ಕನಿಷ್ಠ 3000 ವೋಲ್ಟ್ ತೋರಿಸಬೇಕು.

5. ದಾರಿಯ ಬದಿಯಲ್ಲಿ ಎಚ್ಚರಿಕೆಯ ಫಲಕ ತೂಗುಹಾಕಿ. ಮಕ್ಕಳಿಗೂ ಕೂಲಿಗೆ ಬರುವವರಿಗೂ ಬಾಯಿಮಾತಿನಲ್ಲಿ ಹೇಳಿ.

6. ಮೊದಲ ದಿನ ದನಗಳನ್ನು ಹಗಲಿನಲ್ಲೇ ಬಿಟ್ಟು, ಹತ್ತಿರವಿದ್ದು ನೋಡಿಕೊಳ್ಳಿ. ಒಂದೆರಡು ಸಲ ಮೂತಿ ತಾಗಿಸಿದ ಮೇಲೆ ಅವು ತಾವೇ ದೂರ ನಿಲ್ಲುತ್ತವೆ.

ಕಾನೂನು

ಲೈನಿಗೆ ಕೊಕ್ಕೆ ಹಾಕುವುದು 2003ರ ವಿದ್ಯುತ್ ಕಾಯ್ದೆಯಂತೆ ಕಳ್ಳತನ. ಮೂರು ವರ್ಷದವರೆಗೆ ಜೈಲಾಗಬಹುದು. ಅದರಿಂದ ಯಾರಾದರೂ ಸತ್ತರೆ ಬೇರೆಯೇ ಮೊಕದ್ದಮೆ. “ರಾತ್ರಿ ಮಾತ್ರ ಕೊಡ್ತೀವಿ, ಏನೂ ಆಗಲ್ಲ” ಅನ್ನುವವರಿಗೆ ನಾವು ಹೇಳುವುದಿಷ್ಟೆ: ರಾತ್ರಿ ನೀರು ಕಟ್ಟಲು ಹೋಗುವವರು ನಮ್ಮ ಮನೆಯವರೇ.

ಸಂಘದ ಸಭೆಯಲ್ಲಿ ಚರ್ಚಿಸಿ

ನಮ್ಮೂರಿನಲ್ಲಿ ಲೈನಿನಿಂದ ನೇರ ಕರೆಂಟ್ ಕೊಟ್ಟ ಬೇಲಿ ಇದೆಯೇ? ಅದನ್ನು ತೆಗೆಸಲು ನಾವೇನು ಮಾಡಬಹುದು? ಅಕ್ಕಪಕ್ಕದ ಇಬ್ಬರು ಮೂವರು ಸೇರಿ ಒಂದೇ ಯಂತ್ರ ಕೊಂಡರೆ ಖರ್ಚು ಎಷ್ಟು ಉಳಿದೀತು?