ದವಡೆಗೆ ಯಾವ ಮೂಳೆ?
ನಿಮ್ಮ ತಾಯಿಯವರ ಕೆಳದವಡೆ ಸವೆದಿದೆ, ಇಂಪ್ಲಾಂಟ್‌ಗೆ ಮುಂಚೆ ಮೂಳೆ ತುಂಬಿಸಬೇಕು. ಹಸುವಿನ ಮೂಳೆ ಎಂದಾಗ ಅವರ ಮನಸ್ಸು ಒಪ್ಪುತ್ತಿಲ್ಲ ಎಂದು ಬರೆದಿದ್ದೀರಿ. ಅದನ್ನು ಡಾಕ್ಟರಿಗೆ ನೇರವಾಗಿ ಹೇಳಿ, ಸಂಕೋಚ ಬೇಡ. ಬೇರೆ ದಾರಿಗಳಿವೆ.

ಹಸುವಿನ ಮೂಳೆಯಿಂದ ಸಾವಯವ ಅಂಶ ತೆಗೆದು ಖನಿಜದ ಚೌಕಟ್ಟನ್ನಷ್ಟೇ ಉಳಿಸಿರುತ್ತಾರೆ. ನೋಡಲು ಸಕ್ಕರೆ ಹರಳಿನಂಥ ಬಿಳಿ ಕಾಳು. ವರ್ಷಗಟ್ಟಲೆ ಕರಗದೆ ದವಡೆಯ ಅಗಲವನ್ನು ಕಾಯುತ್ತದೆ. ವೈದ್ಯರಿಗೆ ಅದು ಇಷ್ಟವಾಗುವುದು ಇದಕ್ಕೇ. ತಾಯಿಯವರದೇ ಮೂಳೆಯಲ್ಲಿ ಜೀವಕೋಶಗಳಿರುತ್ತವೆ, ಚೆನ್ನಾಗಿ ಬೆಸೆಯುತ್ತದೆ. ಆದರೆ ಗದ್ದದಿಂದಲೋ ದವಡೆಯ ಹಿಂಭಾಗದಿಂದಲೋ ತೆಗೆಯಬೇಕು: ಇನ್ನೊಂದು ಗಾಯ, ಊತ, ಕೆಲವರಿಗೆ ತುಟಿ ಜೋಮು. ಸ್ವಲ್ಪ ಕರಗಿಯೂ ಹೋಗುತ್ತದೆ. ದಾನಿಗಳ ಸಂಸ್ಕರಿಸಿದ ಮೂಳೆಯೂ ಉಂಟು.

ಕೃತಕ ಮೂಳೆಪುಡಿಯಲ್ಲಿ ಪ್ರಾಣಿಮೂಲವಿಲ್ಲ. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೇಗ ಕರಗುತ್ತದೆ, ಹೈಡ್ರಾಕ್ಸಿಅಪಟೈಟ್ ನಿಧಾನ. ಎರಡೂ ಬೆರೆತದ್ದು ಸಿಗುತ್ತದೆ. ಅಗಲ ಒಂದೆರಡು ಮಿಲಿಮೀಟರ್ ಕಡಿಮೆಯಿದ್ದರೆ ನಾನು ಅದನ್ನೇ ಮೊದಲು ಯೋಚಿಸುತ್ತೇನೆ. ಎತ್ತರವೇ ಕುಸಿದಿದ್ದರೆ ಸ್ವಂತ ಮೂಳೆಯ ಮಾತು ಬಂದೇ ಬರುತ್ತದೆ. ದವಡೆಯ ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ನೋಡಿಯೇ ನಿರ್ಧರಿಸಬೇಕು.

ಪುಡಿಯ ಮೇಲೆ ಹೊದಿಸುವ ಕೊಲಾಜೆನ್ ಪೊರೆಯೂ ಸಾಮಾನ್ಯವಾಗಿ ಹಂದಿ ಅಥವಾ ದನದ್ದು, ಅದನ್ನೂ ಕೇಳಿ. ಮೂಳೆ ಸವೆತಕ್ಕೆ ಅವರು ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ಡಾಕ್ಟರಿಗೆ ಮೊದಲೇ ತಿಳಿಸಿ.