ಪ್ರವೇಶ ಪರೀಕ್ಷೆಯ ಅಂಕವೂ ವಿದ್ಯಾರ್ಥಿಯ ಯೋಗ್ಯತೆಯೂ

‘ಪರೀಕ್ಷೆ’ ಎಂಬ ಶಬ್ದದಲ್ಲಿ ‘ಪರಿ’ ಎಂದರೆ ಸುತ್ತಲೂ, ‘ಈಕ್ಷೆ’ ಎಂದರೆ ನೋಟ. ಎಲ್ಲ ಬದಿಗಳಿಂದಲೂ ನೋಡಿ ಬೆಲೆಗಟ್ಟುವುದೇ ಪರೀಕ್ಷೆಯ ಮೂಲಾರ್ಥ. ಆದುದರಿಂದ ವೃತ್ತಿಶಿಕ್ಷಣದ ಪ್ರವೇಶಕ್ಕೆ ಒಂದೇ ದಿನದ ಅಂಕ ಎಷ್ಟರಮಟ್ಟಿಗೆ ಆಧಾರವಾಗಬೇಕೆಂಬುದು ವಿಚಾರಾರ್ಹವಾದ ಸಂಗತಿ. ಭಾಗ್ಯನಗರದಂತಹ ನೇಕಾರರ ಊರಿನಲ್ಲಿ ಇದು ಬರಿಯ ತತ್ತ್ವಚರ್ಚೆಯಲ್ಲ. ಮಗ್ಗದ ದುಡಿಮೆಯನ್ನೇ ನಂಬಿದ ಮನೆಯಲ್ಲಿ ಸರ್ಕಾರಿ ಸೀಟು ದೊರೆತರೆ ಓದು. ದೊರೆಯದಿದ್ದರೆ ಸಾಲ, ಇಲ್ಲವೆ ಓದಿಗೆ ವಿದಾಯ.

ಪ್ರವೇಶ ಪರೀಕ್ಷೆಯನ್ನು ದೂಷಿಸುವ ಮೊದಲು ಅದು ಹುಟ್ಟಿದ ಕಾರಣವನ್ನು ಸ್ಮರಿಸಬೇಕು. ಒಂದು ಕಾಲದಲ್ಲಿ ಖಾಸಗಿ ಕಾಲೇಜುಗಳ ಬಾಗಿಲನ್ನು ಕ್ಯಾಪಿಟೇಶನ್ ಶುಲ್ಕವೇ ತೆರೆಯುತ್ತಿದ್ದಿತು. ಕರ್ನಾಟಕವು 1984ರಲ್ಲಿ ಅದರ ನಿಷೇಧಕ್ಕಾಗಿ ಕಾಯಿದೆ ಮಾಡಿತು. 1992ರ ಮೋಹಿನಿ ಜೈನ್ ಮತ್ತು 1993ರ ಉನ್ನಿಕೃಷ್ಣನ್ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಷಯವನ್ನು ವಿಮರ್ಶಿಸಿತು. 1994ರಲ್ಲಿ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿ.ಇ.ಟಿ., ಆರಂಭವಾಯಿತು. ಹಣದ ಚೀಲವಿಲ್ಲದ ಮಗುವಿಗೂ ಸರದಿಯಲ್ಲಿ ನಿಲ್ಲುವ ಹಕ್ಕು ಬಂದುದು ಸಾಮಾನ್ಯ ಉಪಕಾರವಲ್ಲ.

ಆದರೆ ಇಂಜಿನಿಯರಿಂಗ್ ಪ್ರವೇಶದಲ್ಲಿ ಸಿ.ಇ.ಟಿ. ಅಂಕವೊಂದೇ ಪ್ರಮಾಣವಲ್ಲ. ದ್ವಿತೀಯ ಪಿ.ಯು.ಸಿ.ಯ ಭೌತ, ರಸಾಯನ, ಗಣಿತಗಳ ಅಂಕಕ್ಕೆ ಅರ್ಧ, ಸಿ.ಇ.ಟಿ. ಅಂಕಕ್ಕೆ ಅರ್ಧ ತೂಕವಿತ್ತು ರ‍್ಯಾಂಕ್ ನಿರ್ಣಯಿಸುವುದು ಇಲ್ಲಿನ ಪದ್ಧತಿ. ಉದಾಹರಣೆಗೆ, ಪಿ.ಯು.ಸಿ.ಯಲ್ಲಿ ಶೇಕಡಾ 95, ಸಿ.ಇ.ಟಿ.ಯಲ್ಲಿ ಶೇಕಡಾ 50 ಪಡೆದವನ ಸರಾಸರಿ 72.5. ಕ್ರಮವಾಗಿ 80 ಮತ್ತು 70 ಪಡೆದವಳದು 75. ಮೊದಲನೆಯವನು ಹಿಂದುಳಿದನು. ಉತ್ತರವನ್ನು ವಿಸ್ತಾರವಾಗಿ ಬರೆಯುವ ಅಭ್ಯಾಸವಷ್ಟೇ ಸಾಲದು, 80 ನಿಮಿಷಗಳಲ್ಲಿ 60 ಪ್ರಶ್ನೆಗಳಿಗೆ ಉತ್ತರ ಆಯುವ ಚುರುಕೂ ಬೇಕೆಂಬುದು ಇದರಿಂದ ವ್ಯಕ್ತ.

ಈ ಸಮತೂಕದ ಬೆಲೆ ಅರಿವಾದುದು ಅದು ತಪ್ಪಿದಾಗ. ಕೋವಿಡ್ ಕಾರಣದಿಂದ 2021ರಲ್ಲಿ ದ್ವಿತೀಯ ಪಿ.ಯು.ಸಿ. ಪರೀಕ್ಷೆ ನಡೆಯಲಿಲ್ಲ, ಆ ವರ್ಷ ಸಿ.ಇ.ಟಿ. ಅಂಕದಿಂದಲೇ ರ‍್ಯಾಂಕ್ ನಿರ್ಣಯವಾಯಿತು. ಅದೇ ತಂಡದ ವಿದ್ಯಾರ್ಥಿಗಳು 2022ರಲ್ಲಿ ಮತ್ತೆ ಸಿ.ಇ.ಟಿ. ಬರೆದಾಗ ಅವರ ಪಿ.ಯು.ಸಿ. ಅಂಕಗಳನ್ನು ಗಣಿಸಬೇಕೆ, ಬಿಡಬೇಕೆ ಎಂಬ ವಿವಾದ ಹೈಕೋರ್ಟ್‌ ಮೆಟ್ಟಿಲೇರಿತು. ಕಡೆಗೆ ಅಂಕಗಳನ್ನು ಹೊಂದಿಸುವ ಸೂತ್ರವೊಂದರಿಂದ ಅದು ಇತ್ಯರ್ಥವಾಯಿತು.

ವೈದ್ಯಕೀಯದ ಮಾರ್ಗವೇ ಬೇರೆ. ಅಲ್ಲಿ ಪಿ.ಯು.ಸಿ. ಅಂಕ ಕನಿಷ್ಠ ಅರ್ಹತೆಗೆ ಮಾತ್ರ. ಸೀಟನ್ನು ನಿರ್ಧರಿಸುವುದು 720 ಅಂಕಗಳ ನೀಟ್. ಅದರಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಉಂಟು. ಹೀಗೆ ಒಬ್ಬನೇ ವಿದ್ಯಾರ್ಥಿಯ ಎರಡು ವರ್ಷಗಳ ಓದು ಒಂದು ಬಾಗಿಲಲ್ಲಿ ಅರ್ಧ ತೂಗುತ್ತದೆ, ಇನ್ನೊಂದರಲ್ಲಿ ಬಹುಮಟ್ಟಿಗೆ ತೂಗುವುದೇ ಇಲ್ಲ. ದೂರದ ನಗರದಲ್ಲಿ ದುಬಾರಿ ತರಬೇತಿ ಪಡೆಯಲಾರದ ಮಗುವಿಗೆ ಇದರ ಭಾರ ಹೆಚ್ಚು. 2024ರ ಜುಲೈಯಲ್ಲಿ ರಾಜ್ಯ ವಿಧಾನಮಂಡಲವು ನೀಟ್ ವಿರುದ್ಧ ನಿರ್ಣಯ ಅಂಗೀಕರಿಸಿದುದರ ಹಿಂದೆ ಈ ಅಳಲೂ ಇದೆ.

ಅಂಕ ಸಮಾನವಾದರೂ ಅವಕಾಶ ಸಮಾನವಲ್ಲವೆಂಬುದನ್ನು ಕಾನೂನೂ ಒಪ್ಪಿದೆ. ಸಂವಿಧಾನದ 371ಜೆ ವಿಧಿಯನ್ವಯ ಕೊಪ್ಪಳವೂ ಸೇರಿದ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಈ ಪ್ರದೇಶದ ಸಂಸ್ಥೆಗಳಲ್ಲಿ ಶೇಕಡಾ 70, ಉಳಿದೆಡೆ ಶೇಕಡಾ 8 ಸೀಟುಗಳು ಮೀಸಲು. ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಇಲ್ಲವೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಮೀಸಲಾತಿಯುಂಟು. ಸಕಾಲಕ್ಕೆ ಪ್ರಮಾಣಪತ್ರ ಒದಗಿಸದಿದ್ದರೆ ಮಾತ್ರ ಈ ಹಕ್ಕು ಕೈತಪ್ಪುವುದು.

ಆದ್ದರಿಂದ ಪ್ರವೇಶ ಪರೀಕ್ಷೆಯ ಅಂಕಕ್ಕೆ ಬೆಲೆಯುಂಟು, ಸರ್ವಸ್ವದ ಬೆಲೆಯಿಲ್ಲ. ಅಧ್ಯಾಪಕರು ಪ್ರೌಢಶಾಲೆಯಿಂದಲೇ ಮೂಲತತ್ತ್ವಗಳನ್ನು ಗಟ್ಟಿಗೊಳಿಸಿ, ವಸ್ತುನಿಷ್ಠ ಪ್ರಶ್ನೆಗಳ ಅಭ್ಯಾಸ ಮಾಡಿಸುವುದು ಉಚಿತ. ಹಳೆಯ ವಿದ್ಯಾರ್ಥಿಗಳು ಪ್ರಮಾಣಪತ್ರ, ಅರ್ಜಿಗಳ ದಾರಿ ತೋರಿಸಬಹುದು; ದಾನಿಗಳು ಸಂಜೆಯ ಓದಿಗೆ ಬೆಳಕು, ಪುಸ್ತಕ, ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಒದಗಿಸಬಹುದು. ರ‍್ಯಾಂಕ್ ಬಾರದ ಮಗುವನ್ನು ಅಯೋಗ್ಯವೆಂದು ಬಗೆಯದಿರುವುದು ಎಲ್ಲರ ಕರ್ತವ್ಯ. ಕಾಲೇಜು ಒಂದು ಬದಿಯಿಂದ ನೋಡಬಹುದು. ಶಾಲೆ ಸುತ್ತಲೂ ನೋಡಬೇಕು.