ಮೇಲ್ ಅಸಲಿ, ಮಾತು ನಕಲಿ

ನನಗೆ ಪೇಪಾಲ್ ಖಾತೆಯೇ ಇಲ್ಲ. ಆದರೂ 'ನಿಮ್ಮ ಪೇಪಾಲ್ ಖಾತೆ ಸ್ಥಗಿತಗೊಂಡಿದೆ, ತಕ್ಷಣ ದೃಢೀಕರಿಸಿ' ಎಂಬ ಮೇಲ್ ಆಗಾಗ ಬರುತ್ತದೆ. ಅದನ್ನು ಅಳಿಸಲು ಜಾಣತನ ಬೇಕಿಲ್ಲ. ಆ ಕಂಪನಿ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿ ಸೇವೆ ನಿಲ್ಲಿಸಿದೆ. ಇಲ್ಲಿ ಉಳಿದಿರುವುದು ವಿದೇಶಿ ವ್ಯವಹಾರ ಮಾತ್ರ. ನಮ್ಮೂರಿನ ನೆಹರೂ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಮಾರಿ ಫೋನ್‌ಪೇಯಲ್ಲಿ ದುಡ್ಡು ಪಡೆಯುವವರು ಅಂಥ ಮೇಲ್ ಪೂರ್ತಿ ಓದುವುದೂ ದಂಡ.

ಕಷ್ಟ ಖಾತೆ ಇದ್ದವರಿಗೆ. ಕಮಲಾಪುರದಲ್ಲಿರುವ ನನ್ನ ಅಕ್ಕನ ಮಗ ಹೊರದೇಶದ ಗಿರಾಕಿಗಳಿಗೆ ಡಿಸೈನ್ ಕೆಲಸ ಮಾಡಿಕೊಡುತ್ತಾನೆ. ಒಮ್ಮೆ ಜಗತ್‌ನಲ್ಲಿರುವ ನಮ್ಮ ಮನೆಗೆ ಬಂದವನೇ ಮೊಬೈಲ್ ಮುಂದೆ ಹಿಡಿದ. "ಮಾಮಾ, ನಾ ಏನೂ ಖರೀದಿ ಮಾಡಿಲ್ಲ, ಡಾಲರ್ ಕಟ್ ಆಗ್ತಾವ ಅಂತ ಮೇಲ್ ಬಂದದ. ಅಡ್ರೆಸ್ ಬರಾಬರ್ ಅದ, ಸ್ಪೆಲ್ಲಿಂಗ್ ಭೀ ತಪ್ಪಿಲ್ಲ. ಇದರಾಗಿನ ನಂಬರಿಗೆ ಫೋನ್ ಹಚ್ಚಲೇನು?"

ಅಡ್ರೆಸ್ ನಿಜಕ್ಕೂ ಬರಾಬರ್ ಇತ್ತು. ಪೇಪಾಲ್‌ನಂಥ ಸೇವೆಗಳಲ್ಲಿ ಯಾರು ಬೇಕಾದರೂ ಇನ್ನೊಬ್ಬರ ಇಮೇಲ್‌ಗೆ ಬಿಲ್ ಕಳಿಸಬಹುದು; ಬಿಲ್ಲಿನಲ್ಲಿ ಷರಾ ಬರೆಯಲು ಜಾಗವೂ ಇರುತ್ತದೆ. ಮೋಸಗಾರ ಅಲ್ಲಿ 'ಇದು ನಿಮ್ಮ ಖರೀದಿ ಅಲ್ಲದಿದ್ದರೆ ಕರೆ ಮಾಡಿ' ಎಂದು ಬರೆದು ತನ್ನ ನಂಬರ್ ಹಾಕುತ್ತಾನೆ. ಕಂಪನಿಯ ಸರ್ವರ್ ಅದನ್ನು ಹಾಗೇ ತಲುಪಿಸುತ್ತದೆ. ಬಿಲ್ ಕಟ್ಟದಿದ್ದರೆ ಒಂದು ಪೈಸೆಯೂ ಹೋಗದು. ಗಾಬರಿಬಿದ್ದು ಫೋನ್ ಮಾಡಿದರೋ, 'ಹಣ ವಾಪಸ್ ಮಾಡ್ತೀವಿ' ಎನ್ನುತ್ತ ನಮ್ಮ ಸ್ಕ್ರೀನ್ ಅವರಿಗೆ ಕಾಣಿಸುವ ಆಪ್ ಹಾಕಿಸುತ್ತಾರೆ. ಆಮೇಲೆ ಒಟಿಪಿಯನ್ನು ನಾವು ಹೇಳಬೇಕಾಗಿಲ್ಲ, ಅವರೇ ಓದಿಕೊಳ್ಳುತ್ತಾರೆ.

ಆದ್ದರಿಂದ ಮೇಲ್ ಅಸಲಿಯೋ ನಕಲಿಯೋ ಎಂಬ ಪಂಚಾಯಿತಿಗೆ ನಾನು ಕೂರುವುದಿಲ್ಲ. ಹಣ ಹೋಗಿದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಖಾತೆ. ಅವನಿಗೆ ಮೇಲ್ ಮುಚ್ಚಿ ಪೇಪಾಲ್ ಆಪ್ ತೆರೆಯಲು ಹೇಳಿದೆ. ಬ್ಯಾಲೆನ್ಸ್ ಇದ್ದಷ್ಟೇ ಇತ್ತು. ಯಾರೋ ಕಳಿಸಿದ್ದ ಬಿಲ್ ಕಟ್ಟದೆ ಬಾಕಿ ಎಂದು ಕಾಣುತ್ತಿತ್ತು; ಅಲ್ಲೇ ಅದರ ಮೇಲೆ ದೂರು ಒತ್ತಿದ.

ಬ್ಯಾಂಕಿನ ಹೆಸರಲ್ಲಿ ಬರುವ 'ಕೆವೈಸಿ ಅಪ್‌ಡೇಟ್ ಮಾಡಿ' ಮೇಲ್‌ಗೂ ಇದೇ ಕ್ರಮ. ಬ್ಯಾಂಕುಗಳು ತಮ್ಮ ವೆಬ್‌ಸೈಟನ್ನು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬದಲಿಸಬೇಕೆಂದು ಆರ್‌ಬಿಐ ಹೇಳಿತ್ತು. ಬ್ಯಾಂಕಿನ ಹೆಸರು ಲಿಂಕ್‌ನ ನಡುವೆ ಎಲ್ಲೋ ಇದ್ದರೆ ಸಾಲದು; ಮೊದಲ ಒಂಟಿ ಓರೆಗೆರೆಗೆ ಮುಂಚೆ ವಿಳಾಸ ಹೇಗೆ ಮುಗಿಯುತ್ತದೆ ಎಂಬುದನ್ನು ನೋಡಬೇಕು. ರೀಫಂಡ್ ಬಂದಿದೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂದರೆ ಅಲ್ಲಿಗೇ ಬಿಡಿ. ಯುಪಿಐ ಪಿನ್ ಇರುವುದು ದುಡ್ಡು ಕೊಡಲು, ಪಡೆಯಲು ಅಲ್ಲ.

ಎಲ್ಲಕ್ಕಿಂತ ಮೊದಲು ಭದ್ರ ಮಾಡಬೇಕಾದದ್ದು ಇಮೇಲ್ ಖಾತೆಯನ್ನು. ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ. ಅದಕ್ಕೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಟ್ಟು ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ.

ಹಣ ಹೋಗಿಯೇಬಿಟ್ಟರೆ ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಜೊತೆಗೇ ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದರೆ ಹಣ ಸೇರಿದ ಖಾತೆಯಲ್ಲೇ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಆರ್‌ಬಿಐನ 2017ರ ಜುಲೈ 6ರ ಸುತ್ತೋಲೆ ಹೀಗೆ ಹೇಳಿತ್ತು: ಲೋಪ ಗ್ರಾಹಕನದೂ ಬ್ಯಾಂಕಿನದೂ ಅಲ್ಲದೆ ಬೇರೆಡೆ ಆಗಿದ್ದು, ಬ್ಯಾಂಕಿನಿಂದ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನದಲ್ಲ. ಒಟಿಪಿಯನ್ನು ತಾನೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ. ತಿಳಿಸಿದ ಮೇಲಿನದು ಬ್ಯಾಂಕಿನದು. ನಾಚಿಕೊಂಡು ಸುಮ್ಮನಿದ್ದಷ್ಟೂ ಲೆಕ್ಕ ನಮ್ಮ ಮೇಲೇ ಬೀಳುತ್ತದೆ.

ದೂರು ಕೊಟ್ಟ ಮೇಲೂ ಎಚ್ಚರ ಬೇಕು. 'ಕಳೆದ ಹಣ ವಾಪಸ್ ಕೊಡಿಸ್ತೀವಿ, ಫೀ ಕಟ್ಟಿ' ಎಂದು ಮತ್ತೊಂದು ಮೇಲ್ ಬರಬಹುದು. ಅದಕ್ಕೂ ದುಡ್ಡು ಕೊಡಬೇಡಿ.